ಟಾರ್ಚ್ ಹಿಡಿಯುವವರು

"ಟಾರ್ಚ್ ಹಿಡಿಯೋಕೆ ಜೊತೆಗೆ ಯಾರು ಬಂದಿದ್ದಾರಮ್ಮ?" ಎಂದು ಡಾಕ್ಟರಮ್ಮ ಕೇಳಿದಾಗ ಮೇಜಿನ ಮೇಲೆ ಮಲಗಿದ್ದವಳು ಯಾರೂ ಇಲ್ಲವೆಂದು ತಲೆಯಾಡಿಸಿದಳು. ಪರೀಕ್ಷೆಯ ದೀಪ ಕೆಟ್ಟಾಗಿನಿಂದ ಆ ಪುಟ್ಟ ಆಸ್ಪತ್ರೆಯಲ್ಲಿ ಬೆಳಕು ಹಿಡಿಯುವುದು ಜೊತೆಗೆ ಬಂದ ಅಕ್ಕನದೋ ಅತ್ತೆಯದೋ ಕೆಲಸ. ಇವಳು ಐದು ತಿಂಗಳಿಂದ ಆಗಾಗ ಕಾಣುತ್ತಿದ್ದ ರಕ್ತದ ವಿಷಯವನ್ನು ಗಂಡನಿಗೂ ಹೇಳಿರಲಿಲ್ಲ. ಕ್ಯಾನ್ಸರೇ ಇರಬೇಕೆಂದು ಒಬ್ಬಳೇ ಒಳಗೊಳಗೆ ಬೇಯುತ್ತಿದ್ದವಳು, ತರಕಾರಿ ತರುತ್ತೇನೆಂದು ಹೇಳಿ ಬಂದಿದ್ದಳು.

"ಹೋಗಲಿ, ನನ್ನ ಹಣೆ ಇದೆಯಲ್ಲ" ಎಂದು ಡಾಕ್ಟರಮ್ಮ ಬ್ಯಾಂಡೇಜ್ ಪಟ್ಟಿಯಿಂದ ಟಾರ್ಚನ್ನು ಹಣೆಗೆ ಬಿಗಿದುಕೊಂಡರು. "ಒಂಟಿಕಣ್ಣಿನ ರಾಕ್ಷಸಿ ಥರ ಕಾಣ್ತೀನಿ, ಹೆದರ್ಬೇಡ."

ತುಸು ಹೊತ್ತು ಬಗ್ಗಿ ನೋಡಿ, "ಗರ್ಭಕೋಶದ ಬಾಯಲ್ಲಿ ಕಡಲೆಕಾಳಿನಷ್ಟು ಮಾಂಸ ಬೆಳೆದು ಜೋತಾಡ್ತಿದೆ. ಪಾಲಿಪ್ ಅಂತಾರೆ. ರಕ್ತ ಬರ್ತಿರೋದು ಇದರಿಂದಲೇ. ತೆಗೆದುಬಿಡ್ತೀನಿ, ಚಿವುಟಿದ ಹಾಗಾಗುತ್ತೆ ಅಷ್ಟೇ" ಎಂದರು. ಅವಳು ಹೂಂಗುಟ್ಟಿದ ಮೇಲೆ ಅದನ್ನು ಮೆಲ್ಲಗೆ ತಿರುಚಿ ತೆಗೆದು ಸೀಸೆಗೆ ಹಾಕಿದರು. "ಲ್ಯಾಬಿಗೆ ಕಳಿಸ್ತೀನಿ. ಆದರೆ ನೋಡಿದರೆ ಕೆಟ್ಟದ್ದು ಅನ್ನಿಸ್ತಿಲ್ಲ. ಮನೇಲಿ ಹೇಳು, ಎಲ್ಲರಿಗೂ ಹೋದ ಜೀವ ಬಂದ ಹಾಗಾಗುತ್ತೆ."

ಬಟ್ಟೆ ಸರಿಪಡಿಸಿಕೊಳ್ಳುತ್ತಿದ್ದ ಅವಳ ಕೈ ನಿಂತಿತು. ಮನೆಯಲ್ಲಿ ಯಾರೂ ಹೆದರಿರಲೇ ಇಲ್ಲ.

"ಕೆಟ್ಟದ್ದು ಅನ್ನಿಸ್ತಿಲ್ಲ ಅಂತ ನೀವೇ ನನಗೆ ಇನ್ನೊಂದು ಸಲ ಹೇಳಿ ಡಾಕ್ಟರಮ್ಮ" ಎಂದಳು.