ಉಪ್ಪುನೀರಿನ ಬಟ್ಟಲು

ಉಪ್ಪುನೀರಿನ ಬಟ್ಟಲಿನಲ್ಲಿದ್ದ ಹುಳುಗಳೂ ಸತ್ತುಬಿದ್ದಿದ್ದವು.

ಇಬಿರೊಂಕೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ಇಟ್ಟು ನೋಡಿದಳು. ಒಂದು ಬಟ್ಟಲಿನಲ್ಲಿ ಕಹಿಸೊಪ್ಪಿನ ರಸ. ಅಲ್ಲಿ ನಿದ್ದೆರೋಗದ ಹುಳುಗಳು ಸಾಯಬೇಕಿತ್ತು, ಸತ್ತಿದ್ದವು. ಇನ್ನೊಂದರಲ್ಲಿ ಬರೀ ಉಪ್ಪುನೀರು. ಅಲ್ಲಿಯವು ಸಂಜೆಯವರೆಗೂ ಈಜಾಡಿಕೊಂಡಿರಬೇಕು. ಆಗಲೇ ಕೊಂದದ್ದು ಸೊಪ್ಪು ಎನ್ನಲು ಬರುವುದು. ಎರಡೂ ಕಡೆ ಸತ್ತರೆ ಕೊಂದವರು ಯಾರು?

ಅವಳ ಮಟ್ಟಿಗೆ ಉತ್ತರ ಪಕ್ಕದ ಮೇಜಿನಲ್ಲೇ ಕೂತಿತ್ತು. ಅಲ್ಲಿ ಕೂರುವ ಒಲಾದೆಲೆಯೂ ಅವಳಂತೆ ಸಂಶೋಧನೆಯ ವಿದ್ಯಾರ್ಥಿ; ಅವನದು ಬೇವಿನ ಸೊಪ್ಪು, ಮಲೇರಿಯಾ. ಇಬದಾನ್ ನಗರದ ಆ ಪ್ರಯೋಗಾಲಯದಲ್ಲಿ ಬರುವ ವರ್ಷಕ್ಕೆ ಒಂದೇ ಸೊಪ್ಪಿಗೆ ಜಾಗ ಎಂದು ಪ್ರೊಫೆಸರ್ ಅದೆಗ್ಬೆಸನ್ ಹೇಳಿಬಿಟ್ಟಿದ್ದರು. ನನ್ನ ಬಟ್ಟಲು ಮುಟ್ಟಿದೆಯಾ ಎಂದು ಅವಳು ಕೇಳಿದರೆ ಅವನು ತಲೆಯನ್ನೂ ಎತ್ತಲಿಲ್ಲ.

“ನಾನ್ಯಾಕೆ ಮುಟ್ಟಲಿ ತಾಯಿ? ಬೆಳಗ್ಗೆಯಿಂದ ಮುಖ ಗಂಟು ಹಾಕ್ಕೊಂಡು ಅವನ್ನೇ ನೋಡ್ತಿದ್ದೀಯ. ಹೆದರಿ ಸತ್ತಿರಬೇಕು.”

ಅವಳು ಬಟ್ಟಲುಗಳನ್ನು ಕುದಿಸಿದಳು. ಹೊಸದಾಗಿ ಉಪ್ಪುನೀರು ಮಾಡಿದಳು. ಬೀರುವಿಗೆ ಬೀಗ ಜಡಿದು ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಳು. ಮತ್ತೆ ಸತ್ತವು.

ಪ್ರೊಫೆಸರು ಕೋಪಿಸಿಕೊಳ್ಳಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿದ್ದು. “ಶುಕ್ರವಾರ ನಾನೇ ಬಂದು ನೋಡ್ತೀನಿ ಕಣಮ್ಮ. ಆವತ್ತೂ ಹೀಗೇ ಆದ್ರೆ, ಸೊಪ್ಪನ್ನ ಮನೆಗೆ ಒಯ್ದು ಸಾರು ಮಾಡ್ಕೋ.”

ಮನೆಯಲ್ಲಿ ಅಮ್ಮ ಕುಟ್ಟಿದ ಗೆಣಸನ್ನು ಮಗಳ ತಟ್ಟೆಗೆ ಬಡಿಸಿ ತಾನು ಬಡಿಸಿಕೊಳ್ಳದೆ ಕೂತಳು. ಬೀದಿಯ ಮೂಲೆಯಲ್ಲಿ ಅಲಸಂದೆ ವಡೆ ಕರಿದು ಮಗಳನ್ನು ಅಷ್ಟು ಓದಿಸಿದ ಹೆಂಗಸು. ಅವಳ ಗಂಟಲು ಕಟ್ಟಿಹೋಗಿತ್ತು. ಉತ್ತರದ ಒಣಗಾಳಿ ಧೂಳು ತರುವ ದಿನಗಳು, ಊರಿಗೆಲ್ಲ ಗಂಟಲು ಕಟ್ಟಿತ್ತು. ಇವತ್ತು ಎಷ್ಟು ಸತ್ತವು ಎಂದು ಅವಳು ಎಂದಿನಂತೆ ವಿಚಾರಿಸಿದಳು. ಎಲ್ಲವೂ, ಎಂದಳು ಮಗಳು. ಅಮ್ಮನ ಮುಖ ಅರಳಿತು.

ಇಬಿರೊಂಕೆಗೆ ಅಳು ಬಂತು. “ಸಾಯಬಾರದಮ್ಮಾ. ಶುಕ್ರವಾರ ಅವು ಬದುಕಿರಲೇಬೇಕು. ಇಲ್ಲದಿದ್ರೆ ನನ್ನ ಓದು ಅಲ್ಲಿಗೆ ಮುಗೀತು.”

“ಬದುಕಿರಬೇಕಾ? ರೋಗದ ಹುಳುಗಳಾ?”

“ಹೂಂ.”

ಅಮ್ಮ ಮಗಳ ಹಣೆ ಮುಟ್ಟಿ ಜ್ವರವಿಲ್ಲವೆಂದು ಖಚಿತಮಾಡಿಕೊಂಡಳು. ಆಮೇಲೆ ತಲೆವಸ್ತ್ರ ಸುತ್ತಿಕೊಂಡು ಹೊರಗೆ ಹೋದಳು.

ಶುಕ್ರವಾರ ಪ್ರೊಫೆಸರು ಬಗ್ಗಿ ಉಪ್ಪುನೀರನ್ನು ನೋಡಿದರು. ಹುಳುಗಳು ಹುರುಪಿನಿಂದ ಈಜುತ್ತಿದ್ದವು. ಇಬಿರೊಂಕೆ ಉಸಿರು ಬಿಟ್ಟಳು. ಒಲಾದೆಲೆ ಕೂಡ ಬಿಟ್ಟ, ಅಷ್ಟು ದಿನದ ಅನುಮಾನ ಅವನ ಬೆನ್ನಿನಿಂದ ಇಳಿದಿತ್ತು. ಪ್ರೊಫೆಸರು ಸೊಪ್ಪಿನ ರಸದ ಕಡೆ ತಿರುಗಿದರು. ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಲ್ಲಿಯ ಹುಳುಗಳು ಮದುವೆಮನೆಯ ನೆಂಟರಂತೆ ಓಡಾಡುತ್ತಿದ್ದವು.

“ಇದು ಔಷಧ ಅಲ್ಲಮ್ಮ,” ಎಂದರು ಮೆಲ್ಲಗೆ. “ಟಾನಿಕ್ಕು.”

ಅವಳು ಮನೆಗೆ ಬಂದಾಗ ಅಮ್ಮ ತಟ್ಟೆ ತುಂಬ ಬಡಿಸಿಕೊಂಡು, ಹಸಿದವರು ಉಣ್ಣುವಂತೆ ಉಣ್ಣುತ್ತಿದ್ದಳು. ಸ್ವರ ಪೂರ್ತಿ ಹೋಗಿತ್ತು. ಬದುಕಿದವಾ ಎಂದು ಪಿಸುಮಾತಿನಲ್ಲೇ ಕೇಳಿದಳು.

“ಎಲ್ಲವೂ,” ಎಂದಳು ಮಗಳು, ಗೋಡೆಗೆ ಒರಗಿ.

“ದೇವರಿಗೆ ಸ್ತೋತ್ರ. ಮೊದಲೆಲ್ಲ, ಆ ಹುಳುಗಳು ಸಾಯಲಿ ಅಂತ ನಮ್ಮ ಚರ್ಚಿನ ಇಡೀ ಸಭೆ ಉಪವಾಸ ಕೂತು ಕೂಗಿ ಪ್ರಾರ್ಥಿಸ್ತಾ ಇದ್ವಿ. ನೀನು ಹೇಳಿದ ಮೇಲೆ ಪಾಸ್ಟರಿಗೆ ತಿಳಿಸಿ, ಬದುಕಲಿ ಅಂತ ಪ್ರಾರ್ಥನೆ ತಿರುಗಿಸಿದ್ವಿ.”

ಇಬಿರೊಂಕೆ ನೆಲದ ಮೇಲೆ ಕೂತುಬಿಟ್ಟಳು. “ಅಮ್ಮಾ, ಒಂದು ಬಟ್ಟಲಿನವು ಮಾತ್ರ ಬದುಕಬೇಕಿತ್ತು.”

“ದೇವರ ಮುಂದೆ ನಿಂತು ಆ ಬಟ್ಟಲು, ಈ ಬಟ್ಟಲು ಅಂತ ಭೇದ ಮಾಡೋಕಾಗುತ್ತಾ ಮಗಳೇ?”