ಫಿಲೋಮಿನಾಳ ಮೌನವ್ರತ

“ಫಿಲೋಮಿನಾ, ಮನ್ನಿಸ್ದೆ ಅಂತ ಒಂದೇ ಒಂದು ಮಾತು ಅನ್ನೇ ತಾಯಿ,” ಎಂದು ಕಣ್ಣು ಕಾಣದ ಅತ್ತೆ ಅಂತೋಣಮ್ಮ ಹಾಸಿಗೆಯಿಂದಲೇ ಇವತ್ತೂ ಬೇಡಿದಳು. ರಾಗಿ ಗಂಜಿ ಕುಡಿಸುತ್ತಿದ್ದ ಫಿಲೋಮಿನಾ ಬಾಯಿ ತೆರೆಯಲಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನವೂ ಮಾತಾಡುವುದಿಲ್ಲವೆಂದು ದೇವನಹಳ್ಳಿಯ ಚರ್ಚಿನಲ್ಲಿ ಮೊಣಕಾಲೂರಿ ಹರಕೆ ಹೊತ್ತಿದ್ದಳು. ಅವಳ ಭಕ್ತಿ ಕಂಡು ಫಾದರ್ ಕೂಡ ಬೆರಗಾಗಿದ್ದರು. ಹಬ್ಬಕ್ಕೆ ಇನ್ನೆರಡೇ ದಿನವಿತ್ತು.

“ಮಗು ಆಗ್ಲಿಲ್ಲ ಅಂತ ನಿನ್ ಕೈಗೆ ಬರೆ ಎಳ್ದೆ. ಆ ಪಾಪ ಹೊತ್ಕೊಂಡು ಹೆಂಗಮ್ಮಾ ಸಾಯ್ಲಿ? ಭಾನುವಾರದ್ ತನಕ ನಾನು ಉಳಿಯಲ್ಲ ಕಣೇ. ನಿನ್ ಹರಕೆ ಮುರೀಬೇಡ. ನನ್ ಕೈ ಹಿಡ್ಕೊ ಸಾಕು, ನಂಗೆ ಗೊತ್ತಾಗುತ್ತೆ.”

ಮುದುಕಿ ಕೈ ಚಾಚಿ ಗಾಳಿಯಲ್ಲಿ ತಡಕಾಡಿದಳು. ಫಿಲೋಮಿನಾ ಆ ಕೈಯನ್ನೇ ನೋಡಿದಳು. ಹರಕೆ ನಾಲಿಗೆಗೆ ಮಾತ್ರವಿತ್ತು, ಕೈಗಿರಲಿಲ್ಲ. ಇಷ್ಟು ದಿನ ತನ್ನ ಮನಸ್ಸಿಗಾಗುತ್ತಿದ್ದ ತಂಪು ಪ್ರಾರ್ಥನೆಯಿಂದ ಬಂದದ್ದಲ್ಲ, ಅತ್ತೆಯ ಈ ಗೋಳಿನಿಂದ ಬಂದದ್ದು ಎಂದು ಅವಳಿಗೆ ಆಗ ತಿಳಿಯಿತು. ತಿಳಿದ ಮೇಲೂ, ಆ ಬೆರಳುಗಳು ಇನ್ನೇನು ಮುಟ್ಟಬೇಕು ಎನ್ನುವಷ್ಟರಲ್ಲಿ, ಅವಳು ಸದ್ದಾಗದಂತೆ ಕೈ ಹಿಂದಕ್ಕೆಳೆದುಕೊಂಡಳು. ಎದ್ದು ಗೋಡೆಗೆ ಒರಗಿ, ಮುದುಕಿ ತಡಕಾಡುವುದನ್ನೇ ಕಣ್ತುಂಬ ನೋಡುತ್ತಾ ನಿಂತಳು.