ಗೊತ್ತಿದ್ದೂ ಓಡಿಸಿದ ಲಿಫ್ಟ್

ಅಣ್ಣನ ಮಗಳ ಮದುವೆಯ ದಿನ ಕಲ್ಯಾಣ ಮಂಟಪದ ಲಿಫ್ಟ್ ಕುಸಿದು ಸರೋಜಿನಿಯ ಗಂಡ ತೀರಿಹೋದ. ಅವಳು ಮಂಟಪದ ಮಾಲೀಕನ ಮೇಲೆ ಸಿವಿಲ್ ದಾವೆ ಹೂಡಿದಳು.

“ಬರೀ ಅಜಾಗರೂಕತೆ ಅಂತಾದ್ರೆ ನಷ್ಟಕ್ಕೆ ಪರಿಹಾರ ಸಿಗುತ್ತೆ, ಅಷ್ಟೇ,” ಎಂದರು ವಕೀಲರು. “ಅಪಾಯ ಅಂತ ಗೊತ್ತಿದ್ದೂ ಓಡಿಸಿದ ಅಂತ ರುಜುವಾತಾದ್ರೆ, ಅದರ ಮೇಲೆ ದಂಡರೂಪದ ಪರಿಹಾರಾನೂ ಕೇಳಬಹುದಮ್ಮ.”

“ನನಗೆ ಅದೇ ಬೇಕು ಸರ್. ಅವನಿಗೆ ಬುದ್ಧಿ ಬರ್ಬೇಕು.”

ಅಣ್ಣ ನಂಜುಂಡಪ್ಪ ಮಾತ್ರ, “ರಾಜಿ ಮಾಡ್ಕೊಂಡುಬಿಡೇ, ಎಷ್ಟು ದಿನ ಅಂತ ಅಲೀತೀಯ?” ಎನ್ನುತ್ತಿದ್ದ. ಆದರೂ ಪ್ರತಿ ವಿಚಾರಣೆಗೂ ಜೊತೆಗೆ ಬಂದು ಕೂರುತ್ತಿದ್ದ. ತವರು ಅಂತ ಅವಳಿಗೆ ಉಳಿದಿದ್ದವನು ಅವನೊಬ್ಬನೇ.

ಕೊನೆಗೆ ಮಾಲೀಕ ಕಟಕಟೆ ಹತ್ತಿದ.

“ಲಿಫ್ಟಿನ ರೋಪ್ ಸವೆದಿರೋದು ನಿಮಗೆ ಮೊದಲೇ ಗೊತ್ತಿತ್ತಾ?” ಎಂದು ವಕೀಲರು ಕೇಳಿದರು.

ಅವನು ತಲೆ ತಗ್ಗಿಸಿದ. “ಗೊತ್ತಿತ್ತು ಸ್ವಾಮಿ.”

ಸರೋಜಿನಿಯ ಕಣ್ಣು ತುಂಬಿ ಬಂತು. ಗೆದ್ದೆವು ಎಂದುಕೊಂಡು ಅಣ್ಣನ ಕೈಯನ್ನು ಗಟ್ಟಿಯಾಗಿ ಹಿಡಿದಳು.

“ಮತ್ತೆ ಯಾಕೆ ಓಡಿಸಿದ್ರಿ?”

“ರೋಪ್ ಸವೆದಿದೆ ಅಂತ ಹೇಳಿ ನಿಲ್ಲಿಸಿದ್ದೆ ಸ್ವಾಮಿ. ‘ನಮ್ಮ ಬೀಗರು ಮೆಟ್ಟಿಲು ಹತ್ತೋದಾ? ಒಂದಿನಕ್ಕೆ ಏನೂ ಆಗಲ್ಲ’ ಅಂತ ಹಟ ಹಿಡಿದು ಶುರು ಮಾಡ್ಸಿದ್ದು, ಆ ಅಮ್ಮನ ಪಕ್ಕದಲ್ಲಿ ಕೂತಿದಾರಲ್ಲ, ಅವರಣ್ಣ.”